‘ಇಷ್ಟು ಸಾಕು’ ಎಂದವರು ಯಾರು?

ನಮ್ಮ ಮನೆಗಳಲ್ಲಿ ಹೆಂಗಸರ ಪಾಲಿಗೆ ಬರುವ ವಸ್ತುಗಳನ್ನು ಅಳೆಯಲು ಬೇರೆಯೇ ಒಂದು ಅಳತೆಗೋಲು ಇದೆ. ಅದರ ಹೆಸರು ‘ಇಷ್ಟು ಸಾಕು’. ಹಜಾರಕ್ಕೆ ಟ್ಯೂಬ್‌ಲೈಟು ಬಂದ ಕಾಲದಲ್ಲಿ ಅಡುಗೆಮನೆಗೆ ನಲವತ್ತು ಕ್ಯಾಂಡಲ್ ಬಲ್ಬು ಸಾಕಾಗಿತ್ತು. ಮಗನಿಗೆ ಹೊಸ ಫೋನು ಬಂದರೆ ಅವನ ಹಳೆಯದು ಅಮ್ಮನಿಗೆ ಸಾಕಾಯಿತು. ಈಗ ಆ ಪಟ್ಟಿಗೆ ಲ್ಯಾಪ್‌ಟಾಪು ಸೇರಿಕೊಂಡಿದೆ. ಬೇಕಾದರೆ ಅಂಗಡಿಗೆ ಹೋಗಿ ನೋಡಿ. ‘ಯಾರಿಗೆ ಸರ್?’ ಎಂದು ಅಂಗಡಿಯ ಹುಡುಗ ನಮ್ಮ ಜೊತೆಯಲ್ಲಿ ಬಂದ ಗಂಡಸನ್ನು ಕೇಳುತ್ತಾನೆ. ‘ನಮ್ಮ ಮನೆಯವರಿಗೆ’ ಎಂಬ ಉತ್ತರ ಬಂದ ಕೂಡಲೇ ಅವನ ಕೈ ತಾನಾಗಿ ಕೆಳಗಿನ ಸಾಲಿಗೆ ಇಳಿಯುತ್ತದೆ. ‘ಮನೆ ಯೂಸಿಗೆ ಇಷ್ಟು ಸಾಕು ಸರ್.’

ನನ್ನ ತಕರಾರು ಈ ಮಾತಿನ ಮೇಲೆ. ಅದರಲ್ಲೂ ಆ ಯಂತ್ರದ ಒಂದೇ ಒಂದು ಭಾಗದ ಮೇಲೆ, ಅಂದರೆ ಪರದೆಯ ಮೇಲೆ. ಕಡಿಮೆ ದರದ ಲ್ಯಾಪ್‌ಟಾಪಿನಲ್ಲಿ ಕತ್ತರಿ ಮೊದಲು ಬೀಳುವ ಜಾಗಗಳಲ್ಲಿ ಪರದೆ ಒಂದು. ಆ ಕತ್ತರಿಯ ಫಲ ಉಣ್ಣುವವಳು ದಿನಕ್ಕೆ ಐದಾರು ಗಂಟೆ ಅದರೆದುರು ಕೂರುವ ಹೆಂಗಸು. ತಲೆನೋವು ಬಂತೆಂದರೆ ಅವಳು ಹಣೆಗೆ ಅಮೃತಾಂಜನ ಹಚ್ಚಿಕೊಂಡು ಕೆಲಸ ಮುಂದುವರಿಸುತ್ತಾಳೆ. ಇದಕ್ಕೆ ಎರಡು ಪರಿಹಾರಗಳಿವೆ. ಎರಡೂ ಹೊಸ ಲ್ಯಾಪ್‌ಟಾಪಿನ ಬೆಲೆಯ ಕಾಲು ಭಾಗದ ಆಸುಪಾಸಿನವು. ಒಂದು, ಹೊರಗಿನಿಂದ ಒಂದು ದೊಡ್ಡ ಮಾನಿಟರನ್ನು ಜೋಡಿಸಿಕೊಳ್ಳುವುದು. ಇನ್ನೊಂದು, ಇರುವ ಲ್ಯಾಪ್‌ಟಾಪಿನ ಪರದೆಯನ್ನೇ ತೆಗೆಸಿ ಒಳ್ಳೆಯದನ್ನು ಹಾಕಿಸುವುದು. ಇವೆರಡನ್ನೂ ಇಷ್ಟು ದಿನ ಆಟ ಆಡುವ ಹುಡುಗರ ಷೋಕಿ ಎಂದು ನಾವು ಬಿಟ್ಟುಕೊಟ್ಟಿದ್ದೇವೆ. ಇನ್ನು ಬಿಟ್ಟುಕೊಡಬಾರದು ಎಂಬುದೇ ಈ ಬರಹದ ಜಗಳ.

ಮೊದಲು ಕತ್ತರಿ ಎಲ್ಲಿ ಬಿದ್ದಿದೆ ನೋಡೋಣ. ಲ್ಯಾಪ್‌ಟಾಪು ಮಾರುವವರು ಪ್ರೊಸೆಸರಿನ ಹೆಸರನ್ನು ದೊಡ್ಡದಾಗಿ ಹೇಳುತ್ತಾರೆ. ಎಂಟು ಜಿ.ಬಿ., ಹದಿನಾರು ಜಿ.ಬಿ. ಎಂದು ಲೆಕ್ಕ ಒಪ್ಪಿಸುತ್ತಾರೆ. ಪರದೆಯ ವಿಷಯಕ್ಕೆ ಬಂದಾಗ ‘ಹದಿನೈದೂವರೆ ಇಂಚು, ಎಚ್.ಡಿ., ಎಲ್.ಇ.ಡಿ.’ ಎಂದು ಮುಗಿಸುತ್ತಾರೆ. ಈ ‘ಎಚ್.ಡಿ.’ ಎಂಬ ಎರಡಕ್ಷರದಲ್ಲೇ ಮೋಸವಿರುವುದು. ಬರೀ ಎಚ್.ಡಿ. ಎಂದರೆ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕೆಗಳು; ಒಟ್ಟು 10 ಲಕ್ಷ 49 ಸಾವಿರ. ‘ಫುಲ್ ಎಚ್.ಡಿ.’ ಎಂದರೆ 1920 ಮತ್ತು 1080. ಒಟ್ಟು 20 ಲಕ್ಷ 73 ಸಾವಿರ, ಹೆಚ್ಚುಕಡಿಮೆ ಎರಡರಷ್ಟು. ಅಕ್ಷರ ಮೂಡುವುದು ಈ ಚುಕ್ಕೆಗಳಿಂದಲೇ. ರಂಗೋಲಿ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಐದು ಚುಕ್ಕೆಯ ಜಾಗದಲ್ಲಿ ಹತ್ತು ಚುಕ್ಕೆಯ ಕಮಲ ಅರಳುವುದಿಲ್ಲ.

ಎರಡನೆಯದು ಪರದೆಯ ಜಾತಿ. ಟಿ.ಎನ್. ಎಂಬುದು ಹಳೆಯ ಬಗೆ. 1970ರ ದಶಕದಲ್ಲಿ ಕೈಗಡಿಯಾರಕ್ಕೆ, ಕ್ಯಾಲ್ಕುಲೇಟರಿಗೆ ಬಂದ ತಂತ್ರದ ವಂಶದ್ದು. ಅದನ್ನು ನೇರವಾಗಿ ನೋಡಿದರೆ ಪರವಾಗಿಲ್ಲ. ಸ್ವಲ್ಪ ಮೇಲಿನಿಂದಲೋ ಕೆಳಗಿನಿಂದಲೋ ನೋಡಿದರೆ ಬಿಳಿ ಹಳದಿಯಾಗುತ್ತದೆ, ಕಪ್ಪು ಬೂದಿಯಾಗುತ್ತದೆ, ಮುಖಗಳು ಫೋಟೋದ ನೆಗೆಟಿವಿನಂತೆ ಕಾಣುತ್ತವೆ. ಐ.ಪಿ.ಎಸ್. ಎಂಬುದು ಇನ್ನೊಂದು ಬಗೆ. ಪೊಲೀಸ್ ಅಧಿಕಾರಿಯೇನಲ್ಲ, ಗಾಬರಿಯಾಗಬೇಡಿ. ಜಪಾನಿನ ಹಿಟಾಚಿ ಕಂಪನಿ 1996ರಲ್ಲಿ ಮಾರುಕಟ್ಟೆಗೆ ತಂದ ತಂತ್ರ ಅದು. ಯಾವ ಕಡೆಯಿಂದ ನೋಡಿದರೂ ಬಣ್ಣ ಹೆಚ್ಚು ಕೆಡುವುದಿಲ್ಲ. ಅಂದರೆ ಒಳ್ಳೆಯ ಪರದೆ ಎಂಬುದು ನಿನ್ನೆ ಮೊನ್ನೆ ಹುಟ್ಟಿದ ಐಷಾರಾಮವಲ್ಲ, ಅದಕ್ಕೆ ಮೂವತ್ತು ವರ್ಷವಾಯಿತು. ಆದರೂ ತೀರ ಕೆಳಗಿನ ದರದ ಕೆಲವು ಮಾದರಿಗಳಿಗೆ ಟಿ.ಎನ್. ಪರದೆಯನ್ನೇ ಅಂಟಿಸಿ ಕಳುಹಿಸುತ್ತಾರೆ. ಯಾಕೆಂದರೆ ಪರದೆಯಲ್ಲಿ ಉಳಿಸಿದ ದುಡ್ಡು ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಕಾಣುವುದಿಲ್ಲ. ಮನೆಗೆ ತಂದು ತಿಂಗಳು ಕೆಲಸ ಮಾಡಿದ ಮೇಲೆ ಅದು ಕಣ್ಣಿನಲ್ಲಿ, ಕತ್ತಿನಲ್ಲಿ ಕಾಣುತ್ತದೆ.

ಹೆಂಗಸರಿಗೆ ಅಷ್ಟು ಒಳ್ಳೆಯ ಪರದೆ ಯಾಕೆ, ಅವರೇನು ಮಾಡುತ್ತಾರೆ ಎಂಬ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳದಿದ್ದರೂ ಮನಸ್ಸಿನಲ್ಲಿ ಇಟ್ಟುಕೊಂಡವರು ಬಹಳ. ಏನು ಮಾಡುತ್ತಾರೆ ಎಂದು ನಮ್ಮ ಊರುಗಳ ಬೀದಿಯಲ್ಲಿ ಒಂದು ಸುತ್ತು ಹಾಕಿದರೆ ಗೊತ್ತಾಗುತ್ತದೆ. ಶಾಲೆಯ ಟೀಚರು ಅಡುಗೆ ಮುಗಿಸಿ ರಾತ್ರಿ ಪ್ರಶ್ನೆಪತ್ರಿಕೆ ಟೈಪು ಮಾಡುತ್ತಾರೆ, ಮಕ್ಕಳ ಅಂಕಗಳನ್ನು ಒಂದೊಂದಾಗಿ ತುಂಬುತ್ತಾರೆ. ಸ್ವಸಹಾಯ ಸಂಘದ ಕಾರ್ಯದರ್ಶಿ ಸಾಲದ ಕಂತಿನ ಲೆಕ್ಕ ಇಡುತ್ತಾಳೆ. ಮನೆಯಲ್ಲೇ ಕುಳಿತು ನಾಲ್ಕಾರು ಅಂಗಡಿಗಳ ಜಿ.ಎಸ್.ಟಿ. ಲೆಕ್ಕ ಬರೆಯುವ ಬಿ.ಕಾಂ. ಹುಡುಗಿಯರಿದ್ದಾರೆ. ಸೀರೆಗೆ ಕುಚ್ಚು ಕಟ್ಟುವವಳು ಫೋಟೋ ತೆಗೆದು ಗಿರಾಕಿಗಳಿಗೆ ಕಳುಹಿಸುತ್ತಾಳೆ. 2020ರಲ್ಲಿ ಕೊರೊನಾದ ಲಾಕ್‌ಡೌನು ಬಂದಾಗ ಮಕ್ಕಳ ಪಾಠಕ್ಕೆಂದು ತಂದ ಅಗ್ಗದ ಲ್ಯಾಪ್‌ಟಾಪು ಎಷ್ಟೋ ಮನೆಗಳಲ್ಲಿ ಈಗ ಅಮ್ಮನ ಸಂಪಾದನೆಯ ಸಾಧನವಾಗಿದೆ. ಇದು ‘ಮನೆ ಯೂಸು’ ಅಲ್ಲ, ದುಡಿಮೆ. ಹೊಲಿಗೆಯವಳಿಗೆ ಮೊಂಡು ಕತ್ತರಿ ಕೊಟ್ಟು ‘ಮನೆಯಲ್ಲಿ ಹೊಲಿಯಲಿಕ್ಕೆ ಇಷ್ಟು ಸಾಕು’ ಎಂದು ಯಾರಾದರೂ ಹೇಳುತ್ತಾರೆಯೇ?

ನನ್ನ ಕಸುಬು ಕರಡು ತಿದ್ದುವುದು. ಆದ್ದರಿಂದ ಕನ್ನಡದ ಕಷ್ಟವನ್ನು ಸ್ವಲ್ಪ ಬಿಡಿಸಿ ಹೇಳಬಲ್ಲೆ. ಇಂಗ್ಲಿಷಿನ ಅಕ್ಷರಗಳು ಒಂದೇ ಸಾಲಿನಲ್ಲಿ ಕುಳಿತು ಮುಗಿಯುತ್ತವೆ. ನಮ್ಮ ಅಕ್ಷರಗಳಿಗೆ ಮೇಲೆ ತಲೆಕಟ್ಟು, ಗುಡಿಸು; ಪಕ್ಕದಲ್ಲಿ ದೀರ್ಘ; ಕೆಳಗೆ ಒತ್ತು. ‘ಸ್ತ್ರೀ’ ಎಂಬ ಒಂದಕ್ಷರದ ಮಾತಿನಲ್ಲೇ ಮೂರು ವ್ಯಂಜನ, ಒಂದು ದೀರ್ಘ ಸ್ವರ ಒಟ್ಟೊಟ್ಟಿಗೆ ಕೂರಬೇಕು. ಚುಕ್ಕೆ ಕಡಿಮೆಯಾದ ಪರದೆಯಲ್ಲಿ ಒತ್ತಕ್ಷರ ಹುಳದಂತೆ ಮುದುಡಿ ಕಾಣುತ್ತದೆ. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಹೊಟ್ಟೆ ಸೀಳಿದ ಒಂದು ಸಣ್ಣ ಗೆರೆ. ‘ಬ’ಕ್ಕೂ ‘ಭ’ಕ್ಕೂ ಅಷ್ಟೇ. ಆ ಗೆರೆ ಪರದೆಯಲ್ಲಿ ಮೂಡದಿದ್ದರೆ ‘ಧನಲಾಭ’ ‘ದನಲಾಭ’ವಾಗುತ್ತದೆ. ಶಾಲೆಯ ಸುತ್ತೋಲೆಯಲ್ಲಿ ‘ಮಧ್ಯವಾರ್ಷಿಕ ಪರೀಕ್ಷೆ’ ‘ಮದ್ಯವಾರ್ಷಿಕ ಪರೀಕ್ಷೆ’ಯಾಗಿ ಹೊರಟರೆ ಊರೆಲ್ಲ ನಗುತ್ತದೆ. ನಗುವವರು ಟೀಚರಿಗೆ ಕನ್ನಡ ಬರುವುದಿಲ್ಲ ಎನ್ನುತ್ತಾರೆಯೇ ಹೊರತು ಅವರ ಪರದೆಯಲ್ಲಿ ಆ ಸೀಳುಗೆರೆ ಕಾಣುತ್ತಿರಲಿಲ್ಲ ಎನ್ನುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ನಮ್ಮ ಬಾಯಿ ಮುಚ್ಚಿಸುವುದಕ್ಕೇ ಹುಟ್ಟಿದ್ದೇನೋ. ಇಲ್ಲಿ ಮಾತ್ರ ನೆಲ ನಿಜವಾಗಿಯೂ ಡೊಂಕು.

ಲೆಕ್ಕ ಬರೆಯುವವರ ಪಾಡೂ ಇದೇ. 768 ಚುಕ್ಕೆಗಳ ಎತ್ತರದಲ್ಲಿ ಮೇಲಿನ ಗುಂಡಿಗಳ ಪಟ್ಟಿ, ಕೆಳಗಿನ ಪಟ್ಟಿ ಕಳೆದರೆ ಉಳಿಯುವುದು ಇಪ್ಪತ್ತು ಚಿಲ್ಲರೆ ಸಾಲು. ನೂರು ಸಾಲಿನ ಲೆಕ್ಕವನ್ನು ಮೇಲೆ ಕೆಳಗೆ ಉರುಳಿಸುತ್ತ ಕೂತರೆ ಮೊದಲ ಸಾಲಿನ ಅಂಕಿ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಮರೆತಿರುತ್ತದೆ. ಕುಚ್ಚು ಕಟ್ಟುವವಳಿಗೆ ಬೇರೆ ಸಂಕಟ. ಅವಳ ಪರದೆಯಲ್ಲಿ ಅರಿಶಿನವಾಗಿ ಕಂಡದ್ದು ಗಿರಾಕಿಯ ಕೈ ಸೇರಿದಾಗ ಸಾಸಿವೆ ಬಣ್ಣವಾಗಿರುತ್ತದೆ. ಸೀರೆ ವಾಪಸು, ದುಡ್ಡು ವಾಪಸು, ಮೇಲೆ ನಾಲ್ಕು ಮಾತು.

ಇನ್ನು ಕಣ್ಣಿನ ಮಾತು. ಪರದೆ ನೋಡಿ ನೋಡಿ ಕಣ್ಣೇ ಹೋಗುತ್ತದೆ ಎಂದು ಹೆದರಿಸುವವರ ಸಾಲಿಗೆ ನಾನು ಸೇರುವುದಿಲ್ಲ. ಕಣ್ಣಿನ ವೈದ್ಯರು ಹಾಗೆ ಹೇಳುವುದಿಲ್ಲ. ಪರದೆ ನೋಡುವಾಗ ನಾವು ಕಣ್ಣು ಮಿಟುಕಿಸುವುದು ಕಡಿಮೆಯಾಗುತ್ತದೆ, ಕಣ್ಣು ಒಣಗುತ್ತದೆ, ಉರಿಯುತ್ತದೆ. ಮಸುಕಾದದ್ದನ್ನು ಓದಲು ಹುಬ್ಬು ಗಂಟಿಕ್ಕಿ ತಲೆ ನೋಯುತ್ತದೆ. ರಾತ್ರಿ ನಿದ್ದೆ ಮಾಡಿದರೆ ಕಡಿಮೆಯಾಗುತ್ತದೆ, ಬೆಳಗ್ಗೆ ಮತ್ತೆ ಶುರು. ಕಣ್ಣು ಹೋಗುವುದಿಲ್ಲ ನಿಜ. ಹೋಗುವುದು ಸಂಜೆ. ಕೆಲಸ ಮುಗಿಸಿ ಒಂದು ಪುಸ್ತಕ ಓದಬಹುದಾಗಿದ್ದ, ಮಗಳ ತಲೆ ಬಾಚುತ್ತ ಅವಳೊಡನೆ ಹರಟಬಹುದಾಗಿದ್ದ ಸಂಜೆಗಳು ತಲೆನೋವಿನಲ್ಲಿ ಕಳೆದುಹೋಗುತ್ತವೆ. ಅದರ ಲೆಕ್ಕವನ್ನು ಯಾರೂ ಬರೆಯುವುದಿಲ್ಲ.

ಈ ತಲೆನೋವಿಗೆ ಮಾರುಕಟ್ಟೆ ಸೂಚಿಸುವ ಮದ್ದು ನೋಡಿ. ಕನ್ನಡಕದ ಅಂಗಡಿಗೆ ಹೋದರೆ ‘ಕಂಪ್ಯೂಟರ್ ನೋಡ್ತೀರಾ ಮೇಡಂ? ಹಾಗಾದ್ರೆ ಬ್ಲೂ ಕಟ್ ಹಾಕಿಸ್ಕೊಳ್ಳಿ’ ಎನ್ನುತ್ತಾರೆ. ನೀಲಿ ಬೆಳಕನ್ನು ತಡೆಯುವ ಗಾಜಂತೆ. ಅದಕ್ಕೆ ಬೇರೆ ದುಡ್ಡು. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2023ರಲ್ಲಿ ಇಂತಹ ಕನ್ನಡಕಗಳ ಮೇಲಿನ 17 ಪ್ರಯೋಗಗಳನ್ನು ಪರಿಶೀಲಿಸಿತು. ಕಂಪ್ಯೂಟರ್ ಕೆಲಸದಿಂದಾಗುವ ಕಣ್ಣಿನ ಆಯಾಸವನ್ನು ಸಾಧಾರಣ ಕನ್ನಡಕಕ್ಕಿಂತ ಅವು ಹೆಚ್ಚು ತಗ್ಗಿಸುವಂತೆ ಕಾಣುವುದಿಲ್ಲ ಎಂಬುದು ಅದರ ತೀರ್ಮಾನ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಪರದೆಗೆ ರೋಗ ಬಂದರೆ ನಮ್ಮ ಮೂಗಿನ ಮೇಲೆ ಗಾಜು ಏರಿಸುತ್ತಾರೆ. ನಲವತ್ತು ದಾಟಿದವರಿಗೆ ಚಾಳೀಸು ಬಂದಿದ್ದರೆ ಸರಿಯಾದ ಪವರಿನ ಕನ್ನಡಕ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿ ಎಂದು ವೈದ್ಯರು ಹೇಳುವ ಮಾತೂ ಒಳ್ಳೆಯದೇ. ಇವೆರಡನ್ನೂ ಮಾಡಿದ ಮೇಲೂ ಪರದೆ ಮಸುಕಾಗಿದ್ದರೆ ಮಸುಕು ಮಸುಕೇ.

ಕತ್ತಿನ ಕಥೆ ಇದಕ್ಕಿಂತ ದೊಡ್ಡದು. ಲ್ಯಾಪ್‌ಟಾಪಿನಲ್ಲಿ ಕೀಲಿಮಣೆಯೂ ಪರದೆಯೂ ಒಂದೇ ಕೀಲಿಗೆ ಅಂಟಿಕೊಂಡಿವೆ. ಕೈಗೆ ಹಿತವಾದ ಎತ್ತರಕ್ಕೆ ಇಟ್ಟರೆ ಪರದೆ ಕೆಳಗಾಗುತ್ತದೆ, ಕತ್ತು ಬಾಗುತ್ತದೆ. ಕಣ್ಣಿಗೆ ಹಿತವಾದ ಎತ್ತರಕ್ಕೆ ಏರಿಸಿದರೆ ಕೈ ನೋಯುತ್ತದೆ. ದೊಡ್ಡವರ ತಲೆಯ ತೂಕವೇ ಸುಮಾರು ಐದು ಕಿಲೋ. ಅಷ್ಟನ್ನು ಬಗ್ಗಿಸಿ ಗಂಟೆಗಟ್ಟಲೆ ಹಿಡಿಯುವ ಸ್ನಾಯುಗಳ ಗತಿ ಏನು? ಟಿ.ಎನ್. ಪರದೆಯಾದರೆ ಇನ್ನೂ ಚೆಂದ: ಕುಳಿತ ಭಂಗಿ ಒಂದಿಷ್ಟು ಬದಲಾದರೂ ಬಣ್ಣ ಕೆಡುತ್ತದೆ, ಆದ್ದರಿಂದ ಶಿಲ್ಪದಂತೆ ಅಲುಗದೆ ಕೂರಬೇಕು. ಬೈಫೋಕಲ್ ಕನ್ನಡಕ ಹಾಕುವವರು ಕೆಳಗಿನ ಗಾಜಿನಿಂದ ನೋಡಲು ಗದ್ದ ಎತ್ತಿ ಕೂರುತ್ತಾರೆ. ಜೊತೆಗೆ ನಮಗೆ ಮೇಜೂ ಇರುವುದಿಲ್ಲ. ಮಂಚದ ಮೇಲೆ, ಊಟದ ಟೇಬಲ್ಲಿನ ಒಂದು ಮೂಲೆಯಲ್ಲಿ, ಇಸ್ತ್ರಿ ಮಾಡುವ ಹಲಗೆಯ ಮೇಲೆ ಕೂತು ಕೆಲಸ ಮಾಡುವ ಎಷ್ಟು ಹೆಂಗಸರನ್ನು ನಾನು ಕಂಡಿಲ್ಲ!

ಈಗ ಪರಿಹಾರಕ್ಕೆ ಬರುತ್ತೇನೆ. ಬೈದು ಸುಮ್ಮನಾಗುವುದು ನನ್ನ ಉದ್ದೇಶವಲ್ಲ.

ಕಣ್ಣಿನ ಜೊತೆಗೆ ಕತ್ತನ್ನೂ ಕಾಯುವುದು ಮಾನಿಟರು. ಇಪ್ಪತ್ತೆರಡರಿಂದ ಇಪ್ಪತ್ತನಾಲ್ಕು ಇಂಚಿನ, ಫುಲ್ ಎಚ್.ಡಿ.ಯ, ಐ.ಪಿ.ಎಸ್. ಮಾನಿಟರು ಹತ್ತು ಸಾವಿರ ರೂಪಾಯಿಯ ಒಳಗೆ ಸಿಗುತ್ತದೆ. ಅದನ್ನು ಲ್ಯಾಪ್‌ಟಾಪಿಗೆ ಸೇರಿಸಲು ಬೇಕಾದದ್ದು ಎಚ್.ಡಿ.ಎಂ.ಐ. ಎಂಬ ಒಂದು ಕೇಬಲ್ಲು. ಬಹುಪಾಲು ಅಗ್ಗದ ಲ್ಯಾಪ್‌ಟಾಪುಗಳ ಪಕ್ಕದಲ್ಲಿ ಅದರ ತೂತು ಇದ್ದೇ ಇರುತ್ತದೆ. ಟಿ.ವಿ.ಗೆ ಸೆಟ್‌ಟಾಪ್ ಬಾಕ್ಸು ಸಿಕ್ಕಿಸುವ ಕೇಬಲ್ಲು ಅದೇ. ಅದನ್ನು ಸಿಕ್ಕಿಸಲು ಬಂದವರಿಗೆ ಇದೂ ಬರುತ್ತದೆ. ಟೈಪ್-ಸಿ ತೂತಿನಿಂದ ಜೋಡಿಸಬಹುದು ಎಂದು ಯಾರಾದರೂ ಹೇಳಿದರೆ ಕೂಡಲೇ ನಂಬಬೇಡಿ. ಅಗ್ಗದ ಯಂತ್ರಗಳಲ್ಲಿ ಎಷ್ಟೋ ಸಲ ಆ ತೂತು ಫೈಲು ಸಾಗಿಸುತ್ತದೆಯೇ ವಿನಾ ಚಿತ್ರ ಸಾಗಿಸುವುದಿಲ್ಲ. ಯಾವುದೋ ಆಫೀಸಿನವರು ಮಾರಿದ ಹಳೆಯ ಮಾನಿಟರು ಒಂದೆರಡು ಸಾವಿರಕ್ಕೆ ಸಿಕ್ಕಿ, ಅದರಲ್ಲಿ ಹಳೆಯ ವಿ.ಜಿ.ಎ. ತೂತು ಮಾತ್ರ ಇದ್ದರೆ ಎಚ್.ಡಿ.ಎಂ.ಐ.ಯಿಂದ ವಿ.ಜಿ.ಎ.ಗೆ ಬದಲಿಸುವ ಸಣ್ಣ ಕನ್ವರ್ಟರು ಕೆಲವು ನೂರು ರೂಪಾಯಿಗೆ ಬರುತ್ತದೆ.

ಜೋಡಿಸಿದ ಮೇಲೆ ಒಂದು ಸಣ್ಣ ಕೆಲಸವಿದೆ, ಅದನ್ನು ಹೇಳಿಕೊಡದೆ ಹೋಗುವವರೇ ಹೆಚ್ಚು. ಕೇಬಲ್ಲು ಸಿಕ್ಕಿಸಿದ ಕೂಡಲೇ ಲ್ಯಾಪ್‌ಟಾಪಿನಲ್ಲಿದ್ದದ್ದೇ ಮಾನಿಟರಿನಲ್ಲೂ ಕಂಡರೆ, ಹಳೆಯ ಪರದೆಯ ಚುಕ್ಕೆಗಳ ಲೆಕ್ಕವೇ ದೊಡ್ಡ ಪರದೆಗೂ ಬಂದು ಎಲ್ಲ ಮಸುಕಾಗಿರಬಹುದು. ‘ದುಡ್ಡು ದಂಡವಾಯಿತು’ ಎಂದು ಅಳಬೇಡಿ. ವಿಂಡೋಸ್ ಗುಂಡಿಯ ಜೊತೆ ‘ಪಿ’ ಅಕ್ಷರ ಒತ್ತಿದರೆ ನಾಲ್ಕು ಆಯ್ಕೆ ಬರುತ್ತವೆ. ಮೂರನೆಯದು ಎರಡು ಪರದೆಗಳನ್ನೂ ಪಕ್ಕಪಕ್ಕದ ಎರಡು ಮೇಜುಗಳಂತೆ ಬಳಸುವುದು. ನಾಲ್ಕನೆಯದು ಮಾನಿಟರನ್ನು ಮಾತ್ರ ಬಳಸುವುದು. ಎರಡರಲ್ಲಿ ಒಂದನ್ನು ಆರಿಸಿ, ಪರದೆಯ ಅಳತೆಯನ್ನು 1920 ಮತ್ತು 1080ಕ್ಕೆ ಇಟ್ಟರೆ ಅಕ್ಷರ ತೊಳೆದ ಮುತ್ತಿನಂತೆ ಕಾಣುತ್ತದೆ. ಒಂದು ಪರದೆಯಲ್ಲಿ ಮೂಲ, ಇನ್ನೊಂದರಲ್ಲಿ ನಮ್ಮ ಬರಹ ಇಟ್ಟುಕೊಂಡು ಕೆಲಸ ಮಾಡುವ ಸುಖವನ್ನು ಒಮ್ಮೆ ಅನುಭವಿಸಿದವರು ಮತ್ತೆ ಹಿಂದಕ್ಕೆ ಹೋಗಲಾರರು.

ಮಾನಿಟರು ಒಂದು ತೋಳಿನ ದೂರದಲ್ಲಿರಲಿ. ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಬರಲಿ; ಬೈಫೋಕಲ್‌ನವರಿಗೆ ಇನ್ನೂ ಸ್ವಲ್ಪ ಕೆಳಗೆ. ಕಿಟಕಿ ಬೆನ್ನ ಹಿಂದೆಯೂ ಬೇಡ, ಪರದೆಯ ಹಿಂದೆಯೂ ಬೇಡ, ಪಕ್ಕದಲ್ಲಿರಲಿ. ಬೇರೊಂದು ಕೀಲಿಮಣೆ, ಮೌಸು ತಂದುಕೊಂಡರೆ ಲ್ಯಾಪ್‌ಟಾಪನ್ನು ಬದಿಗಿಟ್ಟುಬಿಡಬಹುದು. ಅವೆರಡೂ ಸೇರಿ ಒಂದು ಸಾವಿರದೊಳಗೇ ಸಿಗುತ್ತವೆ. ಕರೆಂಟಿನ ಖರ್ಚಿಗೆ ಹೆದರಬೇಕಾಗಿಲ್ಲ. ಈ ಅಳತೆಯ ಮಾನಿಟರು ಉರಿಸುವುದು ಸುಮಾರು ಇಪ್ಪತ್ತು ವಾಟು, ಒಂದು ಎಲ್.ಇ.ಡಿ. ಟ್ಯೂಬ್‌ಲೈಟಿನಷ್ಟು. ಕರೆಂಟು ಹೋದರೆ ಮಾನಿಟರು ಆರುತ್ತದೆ, ಲ್ಯಾಪ್‌ಟಾಪು ತನ್ನ ಬ್ಯಾಟರಿಯಲ್ಲಿ ನಡೆಯುತ್ತಲೇ ಇರುತ್ತದೆ. ಬರೆದದ್ದು ಎಲ್ಲಿಗೂ ಹೋಗುವುದಿಲ್ಲ.

‘ಮನೆಯಲ್ಲಿ ಟಿ.ವಿ. ಇದೆಯಲ್ಲ, ಅದಕ್ಕೇ ಸಿಕ್ಕಿಸಿದರಾಯಿತು’ ಎನ್ನುವವರಿದ್ದಾರೆ. ಸಿಕ್ಕಿಸಬಹುದು, ತಪ್ಪೇನಿಲ್ಲ. ಮಗುವಿಗೆ ಆರಡಿ ದೂರದಿಂದ ಪಾಠ ತೋರಿಸಲು, ಫೋಟೋ ನೋಡಲು ಅದು ಚೆನ್ನ. ಅಕ್ಷರದ ಕೆಲಸಕ್ಕೆ ಬಾರದು. ‘ಎಚ್.ಡಿ. ರೆಡಿ’ ಎಂದು ಮಾರುವ ಮೂವತ್ತೆರಡು ಇಂಚಿನ ಟಿ.ವಿ.ಗಳಲ್ಲಿ ಬಹಳಷ್ಟಕ್ಕೆ ಅದೇ 1366ರ ಲೆಕ್ಕ. ಹದಿನೈದೂವರೆ ಇಂಚಿನ ಪರದೆಯಲ್ಲಿ ಇಂಚಿಗೆ ನೂರು ಚುಕ್ಕೆಯಾಗಿದ್ದದ್ದು ಮೂವತ್ತೆರಡು ಇಂಚಿನಲ್ಲಿ ನಲವತ್ತೊಂಬತ್ತಕ್ಕೆ ಇಳಿಯುತ್ತದೆ. ತೆಳ್ಳಗಿನ ಸಾರಿಗೆ ಇನ್ನೊಂದು ತಂಬಿಗೆ ನೀರು ಸುರಿದ ಹಾಗೆ. ಅದು ಹೋಗಲಿ, ಸಂಜೆ ಏಳರ ಮೇಲೆ ಆ ಟಿ.ವಿ. ಯಾರ ಕೈಯಲ್ಲಿರುತ್ತದೆ ಎಂದು ನಾನು ಹೇಳಬೇಕೇ? ಕ್ರಿಕೆಟ್ಟು ನಿಲ್ಲಿಸಿ ಲೆಕ್ಕ ಬರೆಯಲು ಪರದೆ ಬಿಟ್ಟುಕೊಡುವ ಮನೆ ಇದ್ದರೆ ಆ ಮನೆಯವರಿಗೆ ನನ್ನ ನಮಸ್ಕಾರ.

ಮೇಜಿಗೆ ಜಾಗವೇ ಇಲ್ಲ, ಲ್ಯಾಪ್‌ಟಾಪನ್ನು ದಿನವೂ ಹೊತ್ತುಕೊಂಡು ಬಸ್ಸು ಹತ್ತಬೇಕು ಎನ್ನುವವರಿಗೆ ಎರಡನೆಯ ದಾರಿ: ಪರದೆಯನ್ನೇ ಬದಲಿಸುವುದು. ಲ್ಯಾಪ್‌ಟಾಪಿನ ಮೇಲೆ ಯಾವ ಕಂಪನಿಯ ಹೆಸರಿದ್ದರೂ ಒಳಗಿನ ಪರದೆಯನ್ನು ಮಾಡುವವರು ತೈವಾನು, ಚೀನಾ, ಕೊರಿಯಾಗಳ ಕೆಲವೇ ಕಾರ್ಖಾನೆಗಳವರು. ಒಂದೇ ಅಳತೆಯ, ಒಂದೇ ಬಗೆಯ ಪರದೆಗಳು ಹಲವು ಕಂಪನಿಗಳ ಯಂತ್ರಗಳಲ್ಲಿ ಕೂರುತ್ತವೆ. ಆದ್ದರಿಂದಲೇ ಬದಲಿಸುವುದು ಸಾಧ್ಯ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇವುಗಳನ್ನು ಮಾರುವ ಅಂಗಡಿಗಳು ಸಾಲಾಗಿವೆ. ಹದಿನೈದೂವರೆ ಇಂಚಿನ ಫುಲ್ ಎಚ್.ಡಿ. ಐ.ಪಿ.ಎಸ್. ಪರದೆ ಸಾಮಾನ್ಯವಾಗಿ ನಾಲ್ಕರಿಂದ ಆರು ಸಾವಿರದ ಆಸುಪಾಸು. ಕೂಲಿ ಬೇರೆ.

ಇಲ್ಲಿ ರಿಪೇರಿಯವನಿಗೆ ಎಲ್ಲವನ್ನೂ ಒಪ್ಪಿಸಿ ಬರಬಾರದು, ಕೇಳಬೇಕಾದ ಪ್ರಶ್ನೆಗಳಿವೆ. ಪರದೆಯ ಬೆನ್ನಿನ ಮೇಲೆ ಅದರ ಮಾದರಿಯ ಸಂಖ್ಯೆ ಅಂಟಿಸಿರುತ್ತಾರೆ. ಅದನ್ನು ನೋಡಿಯೇ ಬದಲಿ ತರಿಸಲಿ. ಕೇಬಲ್ಲು ಕೂರುವ ಜಾಗದಲ್ಲಿ ಮೂವತ್ತು ಪಿನ್ನೋ ನಲವತ್ತು ಪಿನ್ನೋ ಎಂದು ಕೇಳಿ, ಅದು ಹೊಂದಲೇಬೇಕು. ಹಳೆಯ ಎಚ್.ಡಿ. ಪರದೆಗೆ ಕೊಟ್ಟ ಕೇಬಲ್ಲಿನಲ್ಲಿ ಕೆಲವು ಕಂಪನಿಗಳು ಎಳೆಗಳನ್ನೂ ಉಳಿಸಿರುತ್ತವೆ. ಒಂದೇ ಜೋಡಿ ಎಳೆಯಲ್ಲಿ ಎಚ್.ಡಿ. ಚಿತ್ರ ಸಾಗುತ್ತದೆ, ಫುಲ್ ಎಚ್.ಡಿ.ಗೆ ಎರಡು ಜೋಡಿ ಬೇಕು. ಹಾಗಿದ್ದಲ್ಲಿ ಕೇಬಲ್ಲನ್ನೂ ಬದಲಿಸಬೇಕಾಗುತ್ತದೆ. ಇದನ್ನು ಮೊದಲೇ ಕೇಳದಿದ್ದರೆ ಹೊಸ ಪರದೆ ಹಾಕಿದ ಮೇಲೆ ಕತ್ತಲೆ ನೋಡಬೇಕಾದೀತು. ಕೆಲಸ ಶುರು ಮಾಡುವ ಮುಂಚೆ ಬ್ಯಾಟರಿಯ ಸಂಪರ್ಕ ತೆಗೆಯಲಿ. ಪೂರ್ತಿ ಮುಚ್ಚುವ ಮುಂಚೆ ಒಮ್ಮೆ ಹಚ್ಚಿ, ಪೂರ್ತಿ ಬಿಳಿ ಮತ್ತು ಪೂರ್ತಿ ಕಪ್ಪು ಪುಟ ತೋರಿಸಿ, ಸತ್ತ ಚುಕ್ಕೆ ಇಲ್ಲವೆಂದು ನಿಮಗೆ ಖಾತ್ರಿ ಮಾಡಲಿ. ಹಳೆಯ ಪರದೆಯನ್ನು ಕೇಳಿ ಪಡೆಯಿರಿ, ಅದು ನಿಮ್ಮದು.

ಎಲ್ಲರಿಗೂ ಈ ದಾರಿ ಹೇಳಲಾರೆ. ವಾರಂಟಿ ಇನ್ನೂ ಇದ್ದರೆ ಹೊರಗಿನವರ ಕೈಯಲ್ಲಿ ಬಿಚ್ಚಿಸಿ ಅದನ್ನು ಕಳೆದುಕೊಳ್ಳಬೇಡಿ. ಮುಟ್ಟಿದರೆ ಕೆಲಸ ಮಾಡುವ ಟಚ್ ಪರದೆಯಾಗಿ ಮೇಲಿನ ಗಾಜೂ ಅಂಟಿಕೊಂಡಿದ್ದರೆ ಖರ್ಚು ಬಹಳ ಏರುತ್ತದೆ. ಯಂತ್ರವೇ ಏಳೆಂಟು ವರ್ಷ ಹಳತಾಗಿ, ಒಂದು ಫೈಲು ತೆರೆಯಲು ಕಾಫಿ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತಿದ್ದರೆ ಅದಕ್ಕೆ ಹೊಸ ಪರದೆ ಹಾಕಿಸುವುದು ಮೂಗಿಗಿಂತ ಮೂಗುತಿ ಭಾರ. ಅಂಥಲ್ಲಿ ಮಾನಿಟರೇ ವಾಸಿ. ನಾಳೆ ಲ್ಯಾಪ್‌ಟಾಪು ಸತ್ತರೂ ಮಾನಿಟರು ಉಳಿಯುತ್ತದೆ, ಮುಂದಿನದಕ್ಕೆ ಸೇರಿಕೊಳ್ಳುತ್ತದೆ.

‘ಇಷ್ಟೆಲ್ಲ ಯಾಕೆ, ಕಂತಿನಲ್ಲಿ ಹೊಸ ಲ್ಯಾಪ್‌ಟಾಪು ತಂದರಾಯಿತು’ ಎಂಬ ಸಲಹೆ ಅಂಗಡಿಯಲ್ಲಿ ಪುಕ್ಕಟೆ ಸಿಗುತ್ತದೆ. ಮೂವತ್ತೈದು, ನಲವತ್ತು ಸಾವಿರದ ಕಂತು ಕಟ್ಟಿ ತಂದ ಹೊಸದರ ಪರದೆಯೂ ಪೇಲವವಾಗಿದ್ದರೆ? ಫುಲ್ ಎಚ್.ಡಿ. ಎಂದು ಬರೆದಿದ್ದರೂ ಬೆಳಕು, ಬಣ್ಣ ಎರಡರಲ್ಲೂ ಬಡತನ ಮಾಡಿದ ಪರದೆಗಳು ಬೇಕಾದಷ್ಟಿವೆ. ಕೆಟ್ಟಿರುವುದು ಒಂದು ಭಾಗ, ಬದಲಿಸುವುದು ಇಡೀ ಯಂತ್ರ ಎಂಬ ನ್ಯಾಯ ಮಾರುವವರಿಗೆ ಸರಿ, ಕೊಳ್ಳುವವರಿಗಲ್ಲ. ನಮ್ಮ ಅಜ್ಜಿಯರು ತಪ್ಪಲೆಗೆ ತೂತು ಬಿದ್ದರೆ ಬೆಸುಗೆ ಹಾಕಿಸುತ್ತಿದ್ದರು, ಕೊಡೆಯ ಕಡ್ಡಿ ಮುರಿದರೆ ಕಡ್ಡಿ ಹಾಕಿಸುತ್ತಿದ್ದರು. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ರೈಟ್ ಟು ರಿಪೇರ್’ ಎಂದು ಒಂದು ಜಾಲತಾಣವನ್ನೇ ತೆರೆಯಿತು. ರಿಪೇರಿ ಮಾಡಿಸುವುದು ಹಕ್ಕು ಎಂದು ಸರ್ಕಾರವೇ ಒಪ್ಪಿದ ಮೇಲೆ ‘ಅದೆಲ್ಲ ಆಗೋಲ್ಲ ಮೇಡಂ, ಹೊಸದು ತಗೊಳ್ಳಿ’ ಎನ್ನುವವನ ಮಾತಿಗೆ ತಲೆಯಾಡಿಸಬೇಕಾದ ಗರಜು ನಮಗಿಲ್ಲ.

ಹಣದ ಮಾತನ್ನು ತಪ್ಪಿಸಿಕೊಂಡು ಹೋಗಲಾರೆ. ಎಂಟು ಸಾವಿರ ಎಂದರೆ ಎಷ್ಟೋ ಮನೆಗಳಲ್ಲಿ ತಿಂಗಳ ದಿನಸಿ ಎಂದು ಬಲ್ಲೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಆದರೆ ಈ ಗಾದೆಯನ್ನು ಮನೆಯವರೆಲ್ಲರಿಗೂ ಒಂದೇ ಸಮನಾಗಿ ಹೇಳುತ್ತೇವೆಯೇ? ಹಜಾರದ ಟಿ.ವಿ.ಯನ್ನು ಮೂವತ್ತೆರಡು ಇಂಚಿನಿಂದ ನಲವತ್ತಮೂರಕ್ಕೆ ಏರಿಸುವಾಗ ಹಾಸಿಗೆ ಉದ್ದವಾಗುತ್ತದೆ. ಅಮ್ಮನ ಕೆಲಸದ ಪರದೆಯ ಮಾತು ಬಂದಾಗ ಅದೇ ಹಾಸಿಗೆ ಮುದುಡುತ್ತದೆ. ಮಾನಿಟರನ್ನು ಐದು ವರ್ಷ ಬಳಸಿದರೂ ಹತ್ತು ಸಾವಿರಕ್ಕೆ ತಿಂಗಳಿಗೆ ನೂರ ಅರವತ್ತೇಳು ರೂಪಾಯಿ ಬೀಳುತ್ತದೆ. ಅದರ ಮುಂದೆ ಕೂತು ಅವಳು ದುಡಿಯುವುದು ಎಷ್ಟು ಎಂದು ಪಕ್ಕದಲ್ಲಿ ಬರೆದು ನೋಡಿ. ಹೊರಗಿನ ಆಫೀಸಿನಲ್ಲಾಗಿದ್ದರೆ ಆ ಕೆಲಸಕ್ಕೆ ಮೇಜು, ಕುರ್ಚಿ, ದೊಡ್ಡ ಪರದೆ ಕೊಡುವುದು ಕೊಡುವವರ ಹೊಣೆ. ಮನೆಯೊಳಗೆ ದುಡಿಯುವವಳಿಗೆ ಕೊಡುವವರು ಯಾರೂ ಇಲ್ಲ. ಕೇಳಿ ಪಡೆಯಬೇಕು, ಇಲ್ಲವೇ ತನ್ನ ದುಡಿಮೆಯಿಂದ ತಾನೇ ತಂದುಕೊಳ್ಳಬೇಕು.

ನಮ್ಮ ಮೇಲೂ ನನಗೆ ಒಂದು ದೂರಿದೆ. ಸೀರೆ ಕೊಳ್ಳುವಾಗ ನಾವು ಅಂಗಡಿಯ ದೀಪದ ಬೆಳಕನ್ನು ನಂಬುವುದಿಲ್ಲ. ಬಾಗಿಲ ಬಳಿ ಬಿಸಿಲಿಗೆ ಹಿಡಿದು ನೋಡುತ್ತೇವೆ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲುಗಾಡಿಸುತ್ತೇವೆ, ಬದನೆಕಾಯಿಯ ಹುಳುಕನ್ನು ದೂರದಿಂದಲೇ ಕಂಡುಹಿಡಿಯುತ್ತೇವೆ. ಅದೇ ನಾವು ನಲವತ್ತು ಸಾವಿರದ ಯಂತ್ರದ ಮುಂದೆ ‘ನಮಗೇನು ತಿಳಿಯುತ್ತೆ, ನೀವೇ ನೋಡಿ’ ಎಂದು ಪಕ್ಕಕ್ಕೆ ಸರಿಯುತ್ತೇವೆ. ತಿಳಿಯಲು ಇಂಜಿನಿಯರಿಂಗ್ ಓದಬೇಕಾಗಿಲ್ಲ. ಅಂಗಡಿಯಲ್ಲಿ ಒಂದು ಬಿಳಿಯ ಪುಟ ತೆರೆಸಿ, ಅದರಲ್ಲಿ ಸಣ್ಣ ಅಕ್ಷರದಲ್ಲಿ ಕನ್ನಡ ಮೂಡಿಸಿ. ಮುಚ್ಚಳವನ್ನು ಹಿಂದಕ್ಕೂ ಮುಂದಕ್ಕೂ ವಾಲಿಸಿ. ಬಿಳಿ ಬಣ್ಣಗೆಟ್ಟರೆ ಅದು ಟಿ.ಎನ್. ಆಮೇಲೆ ಮೂರು ಪ್ರಶ್ನೆ: ಐ.ಪಿ.ಎಸ್. ಹೌದೋ ಅಲ್ಲವೋ? 1920 ಹೌದೋ ಅಲ್ಲವೋ? ಬೆಳಕು ಎಷ್ಟು ನಿಟ್ಸು? ಈ ನಿಟ್ಸು ಎಂಬುದು ಪರದೆಯ ಪ್ರಕಾಶದ ಅಳತೆ. 250ಕ್ಕಿಂತ ಕೆಳಗಿದ್ದರೆ ಹಗಲು ಹೊತ್ತಿನಲ್ಲಿ ಕಿಟಕಿಯ ಪಕ್ಕ ಕೂತು ಓದುವುದು ಕಷ್ಟ; 300 ಇದ್ದರೆ ಒಳ್ಳೆಯದು. ಸೀರೆಯದೋ ಬಟ್ಟೆಯದೋ ವ್ಯಾಪಾರ ಇರುವವರು ಬಣ್ಣದ ವಿಷಯವನ್ನೂ ಕೇಳಲಿ: ಎಸ್.ಆರ್.ಜಿ.ಬಿ. ಎಂಬ ಅಳತೆಯಲ್ಲಿ ನೂರರ ಹತ್ತಿರ ಬಂದಷ್ಟೂ ಬಣ್ಣ ದಿಟವಾಗಿರುತ್ತದೆ. ಉತ್ತರ ಗೊತ್ತಿಲ್ಲದ ಅಂಗಡಿಯವನು ತಡವರಿಸುತ್ತಾನೆ. ತಡವರಿಸಲಿ, ನಾವು ಪಕ್ಕದ ಅಂಗಡಿಗೆ ಹೋಗೋಣ.

ಕೊನೆಯದಾಗಿ ಒಂದು ಎಚ್ಚರಿಕೆ. ಒಳ್ಳೆಯ ಮಾನಿಟರು ಮನೆಗೆ ಬಂದ ವಾರದೊಳಗೆ ಮಗನಿಗೆ ಅದರಲ್ಲಿ ಆಟ ಚೆನ್ನಾಗಿ ಕಾಣುತ್ತದೆ, ಯಜಮಾನರಿಗೆ ಷೇರಿನ ಗ್ರಾಫು ಚೆನ್ನಾಗಿ ಕಾಣುತ್ತದೆ, ಅಮ್ಮನ ಲ್ಯಾಪ್‌ಟಾಪು ಮತ್ತೆ ಊಟದ ಟೇಬಲ್ಲಿನ ಮೂಲೆಗೆ ಬರುತ್ತದೆ. ‘ನಿನಗೆ ಆ ಚಿಕ್ಕದೇ ಸಾಕಲ್ಲಮ್ಮ’ ಎಂಬ ಮಾತೂ ಬರುತ್ತದೆ. ಆದ್ದರಿಂದ ಪೆಟ್ಟಿಗೆ ಬಿಚ್ಚಿದ ದಿನವೇ, ಎಲ್ಲರೂ ಸುತ್ತ ನಿಂತಿರುವಾಗಲೇ, ಅದು ಯಾರದು ಎಂದು ಗಟ್ಟಿಯಾಗಿ ಹೇಳಿಬಿಡಿ.